ನವಿಲುಗೊರಳಿನ ಬಣ್ಣದ ಗೋಡೆ

ಮನೆಯ ಒಳಗೋಡೆಗಳಿಗೆ ಬಿಳುಪು, ಕೆನೆ, ತಿಳಿಹಳದಿ ಬಣ್ಣಗಳನ್ನೇ ಬಳಿಸುವುದು ಬಹುಮಂದಿಯ ವಾಡಿಕೆ. ಇವನ್ನು ಬಿಟ್ಟು, ನವಿಲಿನ ಕೊರಳನ್ನು ನೆನಪಿಗೆ ತರುವ ಗಾಢವಾದ ನೀಲಿಹಸಿರನ್ನು ಮೆಚ್ಚುವವರೂ ಉಂಟು. ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಮನೋಹರವಾಗಿದ್ದ ಈ ವರ್ಣವು ಗೋಡೆಯನ್ನೇರಿದ ಮೇಲೆ ಹಗಲಿನಲ್ಲಿ ಒಂದು ಬಗೆಯಾಗಿಯೂ ದೀಪದ ಬೆಳಕಿನಲ್ಲಿ ಇನ್ನೊಂದು ಬಗೆಯಾಗಿಯೂ ತೋರುತ್ತದೆ. ಕೆಲವೊಮ್ಮೆ ಕೋಣೆಯೇ ಕತ್ತಲಾಯಿತೆನಿಸುತ್ತದೆ. ಇದು ಬಣ್ಣದ ದೋಷವೆ, ದೀಪದ ದೋಷವೆ, ಅಥವಾ ಕಣ್ಣಿನ ದೋಷವೆ? ವಿಚಾರಿಸಿ ನೋಡೋಣ.

ನವಿಲುಗರಿಯ ಬಣ್ಣವು ಅದರ ಸೂಕ್ಷ್ಮರಚನೆಯಿಂದ ಹುಟ್ಟುತ್ತದೆ. ಗೋಡೆಯ ಬಣ್ಣವಾದರೋ ವರ್ಣದ್ರವ್ಯದ ಕಣಗಳಿಂದ. ಬಿಸಿಲಿನಲ್ಲಿ ಎಲ್ಲ ಬಣ್ಣಗಳ ಕಿರಣಗಳೂ ಬೆರೆತಿವೆ. ನಮ್ಮ ವರ್ಣದ್ರವ್ಯದ ಕಣಗಳು ಕೆಂಪು, ಕಿತ್ತಳೆ ಕಿರಣಗಳನ್ನು ಹೀರಿಕೊಂಡು, ನೀಲಿ ಹಾಗೂ ಹಸಿರು ಕಿರಣಗಳ ಒಂದಂಶವನ್ನು ಮಾತ್ರ ಹಿಂದಿರುಗಿಸುತ್ತವೆ. ತಿಳಿಬಣ್ಣಗಳಲ್ಲಿ ಬೆಳ್ಳಗಿನ ಟೈಟೇನಿಯಂ ಡೈಆಕ್ಸೈಡ್ ಹೇರಳವಾಗಿರುವುದರಿಂದ ಅವು ಹೆಚ್ಚು ಬೆಳಕನ್ನು ಮರಳಿಸುತ್ತವೆ. ಗಾಢವರ್ಣದಲ್ಲಿ ಅದು ಬಹು ಸ್ವಲ್ಪ.

ಇಂದು ಇಂತಹ ಬಣ್ಣಗಳಿಗೆ ಹೆಚ್ಚಾಗಿ ಬಳಕೆಯಾಗುವ ವರ್ಣದ್ರವ್ಯವು ಆಕಸ್ಮಿಕವಾಗಿ ಬೆಳಕಿಗೆ ಬಂದದ್ದು. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ, ಗಾಜಿನ ಲೇಪವುಳ್ಳ ಕಬ್ಬಿಣದ ಪಾತ್ರೆಯಲ್ಲಿ ಕರಗಿದ ಥ್ಯಾಲಿಕ್ ಅನ್‌ಹೈಡ್ರೈಡಿನೊಳಗೆ ಅಮೋನಿಯ ಹಾಯಿಸುತ್ತಿದ್ದರು. ಲೇಪವು ಬಿರುಕುಬಿಟ್ಟು ಕಬ್ಬಿಣವು ಈ ಕ್ರಿಯೆಯಲ್ಲಿ ಸೇರಿಕೊಂಡಾಗ ಕಡುನೀಲಿ ಪದಾರ್ಥವೊಂದು ಕಾಣಿಸಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಲಿನ್‌ಸ್ಟೆಡ್ ಎಂಬ ರಸಾಯನಶಾಸ್ತ್ರಜ್ಞರು ಇದರ ರಚನೆಯನ್ನು ವಿವರಿಸಿ ಥ್ಯಾಲೊಸಯನೀನ್ ಎಂದು ಕರೆದರು. ಕಬ್ಬಿಣದ ಸ್ಥಾನದಲ್ಲಿ ತಾಮ್ರವುಳ್ಳ ನೀಲಿಯು 1935ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಅಣುವಿನಲ್ಲಿರುವ 16 ಹೈಡ್ರೊಜನ್ ಪರಮಾಣುಗಳಲ್ಲಿ ಬಹುಪಾಲನ್ನು ತೆಗೆದು ಕ್ಲೋರಿನ್ ಸೇರಿಸಿದರೆ ನೀಲಿಯು ಹಸಿರಾಗುತ್ತದೆ. ಇವೆರಡೂ ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ.

ಇನ್ನು ಕೋಣೆ ಕತ್ತಲಾಗುವ ವಿಷಯ. ಕೋಣೆಯ ಆರು ಮುಖಗಳೂ ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ 80 ಭಾಗವನ್ನು ಮರಳಿಸುವವೆಂದು ಭಾವಿಸೋಣ. ದೀಪದಿಂದ ಹೊರಟ 100 ಭಾಗ ಬೆಳಕು ಮೊದಲ ಬಾರಿ 80 ಆಗಿ, ಆಮೇಲೆ 64 ಆಗಿ, ಹೀಗೆಯೇ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಈ ಗುಣೋತ್ತರ ಶ್ರೇಢಿಯ ಮೊತ್ತ 500. ಆರು ಮುಖಗಳೂ 10 ಭಾಗವನ್ನಷ್ಟೇ ಮರಳಿಸುವ ಗಾಢವರ್ಣದವಾದರೆ ಮೊತ್ತ ಸುಮಾರು 111. ದೀಪ ಅದೇ, ಗೋಡೆಗಳ ಮೇಲೆ ಬೀಳುವ ಬೆಳಕು ಮಾತ್ರ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಓದುವ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಒಂದೇ ಗೋಡೆಗೆ ಈ ಬಣ್ಣ ಬಳಿಸಿ, ಉಳಿದವನ್ನೂ ಮಾಳಿಗೆಯ ಒಳಮೈಯನ್ನೂ ತಿಳಿಯಾಗಿಟ್ಟರೆ ಅಂದವೂ ಉಳಿಯುವುದು, ಬೆಳಕೂ ಉಳಿಯುವುದು. ಕಿಟಕಿಗೆ ಎದುರಾದ ಗೋಡೆಯು ಹಗಲಿನ ಬೆಳಕನ್ನು ಒಳಕ್ಕೆ ಹರಡುವುದರಿಂದ ಅದು ಬೆಳ್ಳಗಿರುವುದೇ ಲೇಸು. ಪಕ್ಕದ ಗೋಡೆ ಗಾಢವರ್ಣಕ್ಕೆ ತಕ್ಕದ್ದು.

ದೀಪದ ಪಾತ್ರವೂ ಕಿರಿದಲ್ಲ. ತಂತುವಿನ ಬಲ್ಬಿನ ಬೆಳಕಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಗೋಡೆಗೆ ಮರಳಿಸಲು ಸಿಗುವುದೇ ಅಲ್ಪವಾದ್ದರಿಂದ ಅದು ಮಂಕಾಗಿ ತೋರುತ್ತದೆ. ಸಾಮಾನ್ಯವಾದ ಬಿಳಿ ಎಲ್‌ಇಡಿ ದೀಪದಲ್ಲಿಯೂ 480 ನ್ಯಾನೊಮೀಟರಿನ ಸುಮಾರಿನ ನೀಲಿಹಸಿರು ಕಿರಣಗಳೇ ಕೊರತೆಯಾಗಿರುತ್ತವೆ. ಮುಸ್ಸಂಜೆಯಲ್ಲಿ ಮಾತ್ರ ಬೇರೊಂದು ವಿಚಿತ್ರ. ಮಂದಬೆಳಕಿನಲ್ಲಿ ನಮ್ಮ ಕಣ್ಣು 507 ನ್ಯಾನೊಮೀಟರಿನ ಸುಮಾರಿನ ನೀಲಿಹಸಿರನ್ನೇ ಚೆನ್ನಾಗಿ ಗ್ರಹಿಸುತ್ತದೆ. ಆಗ ಕೆಂಪು ದಿಂಬು ಕಪ್ಪಾಗಿ, ಗೋಡೆಯು ಅದಕ್ಕಿಂತ ಬೆಳಗಿದಂತೆ ತೋರುವುದು. ಇಂತಹ ವ್ಯತ್ಯಾಸವನ್ನು ಗಮನಿಸಿ ವಿವರಿಸಿದ ಪುರ್ಕಿಂಜೆ ಎಂಬ ವಿಜ್ಞಾನಿಯ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಆದುದರಿಂದ ಒಂದು ಹಲಗೆಗೆ ಎರಡು ಸಲ ಬಣ್ಣ ಬಳಿದು, ಅದನ್ನು ಆ ಗೋಡೆಯ ಬಳಿಯಲ್ಲಿಯೇ ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ ನಿರ್ಧರಿಸುವುದು ಜಾಣತನ.

ಕೊನೆಯದಾಗಿ ಒಂದು ಎಚ್ಚರಿಕೆ. ಹಿಂದೆ ಗಾಢ ಹಸಿರುಗಳನ್ನು ಪ್ರಷ್ಯನ್ ನೀಲಿಯೊಡನೆ ಸೀಸದ ಕ್ರೋಮೇಟನ್ನು ಬೆರೆಸಿ ತಯಾರಿಸುವುದಿತ್ತು. ಸೀಸವು ಮಕ್ಕಳ ಮೆದುಳಿಗೆ ವಿಷ. ಭಾರತದಲ್ಲಿ 2016ರಲ್ಲಿ ಮಾಡಿದ ನಿಯಮಗಳು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 10 ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದವು. 2017ರಿಂದ ಈ ಮಿತಿ ಜಾರಿಗೆ ಬಂದಿತು. ಹಳೆಯ ಮನೆಯ ಗೋಡೆ, ಬಾಗಿಲುಗಳ ಮೇಲೆ ಅದಕ್ಕೂ ಮುಂಚಿನ ಬಣ್ಣವಿರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆಮಾಡಿ ಕೆರೆಯಬೇಕು, ಮಕ್ಕಳನ್ನು ದೂರವಿಡಬೇಕು. ಹೊಸ ಬಣ್ಣದ ಸೊಬಗಿಗಿಂತ ಈ ಜಾಗರೂಕತೆ ಮುಖ್ಯವಾದುದು.