ಹಸಿದ ಹುಳುವೂ ಅಂಗಡಿಯ ರಟ್ಟೂ

ಈ ಸಲ ದೀಪಾವಳಿಯ ರಜೆಗೆ ಪುಣೆಯಲ್ಲಿರುವ ನಮ್ಮ ಕಿರಿಯ ಮಗ, ಸೊಸೆ, ಮೊಮ್ಮಕ್ಕಳು ಅಕ್ಕಲಕೋಟೆಗೆ ಬಂದಿದ್ದರು. ಮೊಮ್ಮಗನಿಗೆ ಹನ್ನೊಂದು ವರ್ಷ, ಮೊಮ್ಮಗಳಿಗೆ ಐದು. ಹಬ್ಬದ ಗಡಿಬಿಡಿ ಮುಗಿದ ಮರುದಿನ ನಾವು ಅಂಗಡಿಗೆ ಹೊರಡುವ ಹೊತ್ತಿಗೆ ಮೊಮ್ಮಗಳು ಒಂದು ಪುಸ್ತಕ ಹಿಡಿದು ಅಡ್ಡ ನಿಂತಳು. "ಆಜೋಬಾ, ಹೇ ವಾಚೂನ್ ದಾಖವಾ ನಾ" ಎಂದಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂಬುದು ನಮ್ಮ ಕಡೆಯ ರೂಢಿ. ಪುಣೆಗೆ ಹೋದವರಿಗೆ ಮನೆಯಲ್ಲೂ ಪೇಟೆಯದೇ ಮಾತಾಗಿದೆ. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

ಪುಸ್ತಕ ಇಂಗ್ಲಿಷಿನದು, ಹೆಸರು 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲರ್', ಅಂದರೆ ಬಹಳ ಹಸಿದ ಕಂಬಳಿಹುಳ. ನಮ್ಮ ಇಂಗ್ಲಿಷು ಮ್ಯಾಟ್ರಿಕ್ಕಿನವರೆಗಿನದು. ಇಡೀ ಪುಸ್ತಕದಲ್ಲಿರುವುದು 224 ಶಬ್ದ ಮಾತ್ರ, ಆದ್ದರಿಂದ ಮರ್ಯಾದೆ ಉಳಿಯಿತು. ಎಲೆಯ ಮೇಲಿನ ಮೊಟ್ಟೆಯೊಡೆದು ಭಾನುವಾರ ಒಂದು ಹುಳು ಹೊರಬರುತ್ತದೆ. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು, ಹೀಗೆ ಶುಕ್ರವಾರದ ಹೊತ್ತಿಗೆ ಐದು ಕಿತ್ತಳೆ ತಿನ್ನುತ್ತದೆ. ಶನಿವಾರ ಕಂಡದ್ದನ್ನೆಲ್ಲ ತಿಂದು ಹೊಟ್ಟೆನೋವು ತಂದುಕೊಳ್ಳುತ್ತದೆ. ಮರುದಿನ ಒಂದು ಹಸಿರೆಲೆ ತಿಂದ ಮೇಲೆ ನೆಟ್ಟಗಾಗುತ್ತದೆ. ಆಮೇಲೆ ತನ್ನ ಸುತ್ತ ಗೂಡು ಕಟ್ಟಿಕೊಂಡು ಎರಡು ವಾರಕ್ಕಿಂತ ಹೆಚ್ಚು ಕಾಲ ಒಳಗಿದ್ದು, ಚಿಟ್ಟೆಯಾಗಿ ಹೊರಬರುತ್ತದೆ. ಹುಳು ಕೊರೆದ ಕಡೆ ಪುಟಕ್ಕೇ ತೂತುಂಟು, ಮಕ್ಕಳ ಬೆರಳು ಅದರೊಳಗೆ ಹೋಗುತ್ತದೆ.

ಇದನ್ನು ಬರೆದು ಚಿತ್ರ ಮಾಡಿದವರು ಅಮೆರಿಕದ ಎರಿಕ್ ಕಾರ್ಲ್. 1929ರಲ್ಲಿ ಹುಟ್ಟಿ, ಬಾಲ್ಯವನ್ನು ಜರ್ಮನಿಯಲ್ಲಿ ಕಳೆದು, 2021ರಲ್ಲಿ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಗದಕ್ಕೆ ತೂತು ಹಾಕುವ ಪಂಚನ್ನು ಒತ್ತುತ್ತ ಕುಳಿತಾಗ ಅವರಿಗೆ ಈ ಹುಳು ಹೊಳೆಯಿತಂತೆ. 1969ರಲ್ಲಿ ಪುಸ್ತಕ ಹೊರಬಂದಾಗ, ತೂತುಗಳ ಮತ್ತು ಬೇರೆ ಬೇರೆ ಅಳತೆಯ ಪುಟಗಳ ಕೆಲಸ ಅಮೆರಿಕದಲ್ಲಿ ದುಬಾರಿಯೆಂದು ಜಪಾನಿನಲ್ಲಿ ಅಚ್ಚು ಹಾಕಿಸಿದ್ದರು. ಈಗ 60ಕ್ಕೂ ಹೆಚ್ಚು ಭಾಷೆಗಳಲ್ಲಿ ಇದೆ. ಅವರು ಕುಂಚದಿಂದ ನೇರವಾಗಿ ಚಿತ್ರ ಬರೆಯುತ್ತಿರಲಿಲ್ಲ. ತೆಳು ಕಾಗದಕ್ಕೆ ಮೊದಲೇ ಬಣ್ಣ ಬಳಿದು ಒಣಗಿಸಿ, ಕತ್ತರಿಸಿ ಅಂಟಿಸುತ್ತಿದ್ದರು. ಹಾಗಾದರೆ ಇದು ಕತ್ತರಿಯ ಕೆಲಸ! ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ನಮ್ಮದು. "ನಡಿ, ನಾವೂ ಒಂದು ಹುಳಾ ಮಾಡೋಣು" ಎಂದೆವು.

ಸಾಮಾನು ಮತ್ತು ಅಳತೆ

ಕೊಂಡು ತಂದದ್ದು ಗಾಳಿಪಟದ ಬಣ್ಣದ ಹಾಳೆ ಮಾತ್ರ. ಉಳಿದದ್ದೆಲ್ಲ ಅಂಗಡಿ ಮತ್ತು ಅಡುಗೆಮನೆಯದು.

ಹುಳುವಿಗೆ 14 ಇಂಚು ಉದ್ದ, 5 ಇಂಚು ಅಗಲದ ಹಸಿರು ಕಟ್‌ಪೀಸ್. ಉದ್ದಕ್ಕೆ ಮಡಚಿ, ಅರ್ಧ ಇಂಚು ಬಿಟ್ಟು ಹೊಲಿದು, ಒಳಮೈ ಹೊರಗೆ ತಿರುಗಿಸಿ ಚಿಂದಿ ತುಂಬಬೇಕು. ಎರಡೆರಡು ಇಂಚಿಗೆ ದಾರ ಸುತ್ತಿ ಬಿಗಿದರೆ ಮೈಯ ಗಂಟುಗಳು ಮೂಡುತ್ತವೆ. ತಲೆ ಕೆಂಪು ಬಟ್ಟೆಯದು. ಕಣ್ಣಿಗೆ ಗುಂಡಿ, ಮಣಿ ಹಚ್ಚಬೇಡಿ. ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ದಾರದಿಂದಲೇ ಹೊಲಿಯಿರಿ. ಎಲೆಯ ಮೇಲಿನ ಮೊಟ್ಟೆಯೂ ಬಿಳಿ ದಾರದ ಒಂದು ಗಂಟು, ಅಷ್ಟೆ.

ಒಂದರಿಂದ ಐದರವರೆಗೆ ಕೂಡಿಸಿದರೆ ಹಣ್ಣು ಹದಿನೈದು. ಸೀರೆ ಪೆಟ್ಟಿಗೆಯ ರಟ್ಟನ್ನು ಎರಡು ಪದರು ಅಂಟಿಸಿ, ಬಟ್ಟಲು ಬೋರಲಿಟ್ಟು ಗೆರೆ ಎಳೆದು ಕತ್ತರಿಸಿದೆವು. ನಡುವಿನ ತೂತಿಗೆ ಮೊಮ್ಮಗಳ ಬಳೆಯೇ ಅಳತೆ. ಸುಮಾರು 2 ಇಂಚು ಇದ್ದರೆ ಹುಳು ಸಲೀಸಾಗಿ ನುಸುಳುತ್ತದೆ. ತೂತನ್ನು ದೊಡ್ಡವರೇ ಕೊರೆಯಬೇಕು. ಗಾಳಿಪಟದ ಹಾಳೆ ಹರಿದು ಅಂಟಿಸುವ ಕೆಲಸ ಮಕ್ಕಳದು. ಹರಿದ ಅಂಚೇ ಚೆನ್ನಾಗಿ ಕಾಣುತ್ತದೆ.

ಅಂಟಿಗೆ ಒಂದು ಚಮಚ ಮೈದಾ, ಐದು ಚಮಚ ನೀರು, ಸಣ್ಣ ಉರಿಯಲ್ಲಿ ಕುದಿಸಿದರೆ ಸಾಕು. ಕೆಡದಿರಲೆಂದು ಕೆಲವರು ಮೈಲುತುತ್ತ ಹಾಕುತ್ತಾರೆ, ಅದು ವಿಷ, ಮಕ್ಕಳ ಕೆಲಸಕ್ಕೆ ಬೇಡ. ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ರಾತ್ರಿ ಕಳೆದ ಅಂಟಿನಲ್ಲಿ ಜೀವೋತ್ಪತ್ತಿಯಾಗುತ್ತದೆಂದು ನಮ್ಮ ಶ್ರೀಮತಿಯವರು ಬಟ್ಟಲಲ್ಲಿ ಏನೂ ಉಳಿಸಗೊಡಲಿಲ್ಲ.

ಗೂಡಿಗೆ, ಮಾಲು ಬಂದ ದೊಡ್ಡ ರಟ್ಟಿನ ಪೆಟ್ಟಿಗೆ. ಗಾಳಿಯಾಡಲು ನಾಲ್ಕು ಕಡೆ ತೂತು ಹಾಕಿ, ಮೇಲಿನ ರಟ್ಟನ್ನು ಬರೀ ಮಡಚಿ ಮುಚ್ಚಬೇಕು. ಅಂಟಿಸಬಾರದು, ಕಟ್ಟಬಾರದು. ದೊಡ್ಡವರೊಬ್ಬರು ಹತ್ತಿರ ಇರಬೇಕು.

ಶನಿವಾರದ ತಾಟು

ಹಣ್ಣುಗಳನ್ನು ನಾವು ನಮ್ಮ ಸೀಮೆಯವನ್ನಾಗಿ ಮಾಡಿಕೊಂಡೆವು. ಒಂದು ಸೇಬು ಹಾಗೇ ಇರಲಿ ಎಂದೆವು. ಆಮೇಲೆ ಎರಡು ದಾಳಿಂಬೆ, ಮೂರು ಚಿಕ್ಕು, ನಾಲ್ಕು ಬಾರಿಹಣ್ಣು, ಐದು ಮೋಸಂಬಿ. ಶನಿವಾರದ ಪುಟಕ್ಕೆ ಬಂದಾಗ ಸೊಸೆ ತಡವರಿಸಿದಳು. ಹುಳು ತಿನ್ನುವ ಹತ್ತು ತಿನಿಸುಗಳಲ್ಲಿ ಕೇಕು, ಐಸ್‌ಕ್ರೀಮು, ಕಲ್ಲಂಗಡಿಯ ಜೊತೆಗೆ ಸಲಾಮಿ, ಸಾಸೇಜು ಎಂಬ ಎರಡು ಮಾಂಸದ ತಿನಿಸುಗಳೂ ಇವೆ. ಆ ಪುಟವನ್ನು ಬೇಗ ಮಗುಚಿಬಿಡುವುದು ಅವಳ ರೂಢಿಯಂತೆ. ನಾವು ಮಗುಚಲಿಲ್ಲ. "ಇವೆರಡು ಮಾಂಸದವು ಅವ್ವಿ. ಆ ದೇಶದವರು ತಿಂತಾರ, ನಾವು ತಿನ್ನೂದಿಲ್ಲ" ಎಂದೆವು. ಮೊಮ್ಮಗಳು "ಬರಂ" ಎಂದು ಮುಂದೆ ಹೋದಳು. ಮುಚ್ಚಿಡುವುದಕ್ಕಿಂತ ಹೇಳುವುದೇ ಸುಲಭ ಎಂದು ಅಂದು ಅನ್ನಿಸಿತು. ನಮ್ಮ ತಾಟಿನಲ್ಲಿ ಶೇಂಗಾ ಹೋಳಿಗೆ, ಕರಜಿಕಾಯಿ, ಚಕ್ಕುಲಿ, ಶಂಕರಪೋಳಿ, ಬೇಸನ್ ಉಂಡಿ ಸೇರಿ ಹತ್ತು ಬಗೆ ಆದವು.

ಆಟ ಶುರುವಾಯಿತು. ಹುಳು ಒಂದೊಂದು ಹಣ್ಣಿನೊಳಗೆ ನುಸುಳಿದಂತೆ ಅಣ್ಣ ತಂಗಿ ಇಬ್ಬರೂ ಕನ್ನಡದಲ್ಲೇ ಎಣಿಸಬೇಕೆಂದು ನಾವು ಕರಾರು ಹಾಕಿದ್ದೆವು. ಎರಡನೆಯ ದಿನಕ್ಕೆ ಹದಿನೈದರವರೆಗೆ ತಡೆಯಿಲ್ಲದೆ ಬಂತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳು ತಾನಾಗಿಯೇ ಹಣ್ಣುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದಳು. ಯಾಕೆಂದು ಕೇಳಿದರೆ, ಹೊತ್ತು ಮುಳುಗಿತಂತೆ, ಹುಳುವಿನ ಊಟ ಬಂದ್ ಅಂತೆ.

ರೆಕ್ಕೆಯ ಬಟ್ಟೆ

ಮೂರನೆಯ ದಿನ ಚಿಟ್ಟೆಯ ರೆಕ್ಕೆಯ ಕೆಲಸ. ಹೊಳೆಯುವ ರೆಕ್ಕೆ ಬೇಕೆಂದು ಹಟ. ನಾವು ಅಂಗಡಿಯಿಂದ ನೇರಳೆ ಬಣ್ಣದ ಒಂದು ರೇಷ್ಮೆ ತುಂಡು ತಂದೆವು. ಮೊಮ್ಮಗಳು ಅದನ್ನು ಕೆನ್ನೆಗೆ ಒತ್ತಿಕೊಂಡು ಕುಣಿದಳು. ಆರನೆಯ ಇಯತ್ತೆ ಕಲಿಯುವ ಮೊಮ್ಮಗ ನಡುವೆ ಬಾಯಿ ಹಾಕಿದ. ಚಿಟ್ಟೆಯಾಗುವ ಹುಳು ನಿಜಕ್ಕೂ ಗೂಡು ನೇಯುವುದಿಲ್ಲ, ಅದರ ಚರ್ಮ ಕಳಚಿ ಒಳಗಿನದೇ ಗಟ್ಟಿ ಕೋಶವಾಗುತ್ತದೆ. ನೂಲಿನಿಂದ ಗೂಡು ಕಟ್ಟುವುದು ಪತಂಗದ ಹುಳು, ರೇಷ್ಮೆ ಬರುವುದು ಅಂಥ ಗೂಡಿನಿಂದಲೇ ಎಂದ. ಹುಡುಗ ಹೇಳಿದ್ದು ಸರಿಯಾಗಿತ್ತು.

ಮೊಮ್ಮಗಳು ಕುಣಿಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದಳು. "ಅಜ್ಜಾ, ಹಂಗಾರ ಈ ಗೂಡಿನ್ಯಾಗಿನ ಹುಳಾ ಎಲ್ಲಿ ಹೋತು? ಹೊರಗ ಬಂತೇನು?"

ಅವಳು ಕನ್ನಡದಲ್ಲೇ ಕೇಳಿದ್ದಳು. ನಮಗೆ ಉತ್ತರ ಬರಲಿಲ್ಲ.

ಉತ್ತರ ಗೊತ್ತಿರಲಿಲ್ಲವೆಂದಲ್ಲ. ಒಂದು ಗೂಡೆಂದರೆ ನೂರಾರು ಮೀಟರ್ ಉದ್ದದ ಒಂದೇ ಎಳೆ. ಪತಂಗ ಗೂಡು ತೂರಿ ಹೊರಬಂದರೆ ಆ ಎಳೆ ತುಂಡಾಗುತ್ತದೆ. ಅದಕ್ಕೇ ಅದು ಹೊರಬರುವ ಮೊದಲೇ ಬಿಸಿ ಹವೆಯಲ್ಲೋ ಹಬೆಯಲ್ಲೋ ಕೊಂದು, ಗೂಡನ್ನು ಬಿಸಿನೀರಿನಲ್ಲಿ ಹಾಕಿ ನೂಲು ಬಿಚ್ಚುತ್ತಾರೆ. ಒಂದು ಸೀರೆಗೆ ಇಂಥ ಸಾವಿರಾರು ಗೂಡು ಬೇಕು. ನಮ್ಮ ತಾಯಿಯವರು ಈ ಕಾರಣಕ್ಕೇ ಕಡೆಯವರೆಗೂ ರೇಷ್ಮೆ ಉಡಲಿಲ್ಲ. ಆದರೆ ತಂದೆಯವರು ಮಾರಿದರು, ನಾವೂ ಮಾರಿದೆವು. ಮನೆಯ ನೇಮ ಮನೆಗೆ, ಅಂಗಡಿಯ ಲೆಕ್ಕ ಅಂಗಡಿಗೆ ಎಂದು ನಡೆದುಬಂದಿತ್ತು. ಯಾರೂ ಕೇಳಿರಲಿಲ್ಲ.

ಮಾಂಸದ ಪುಟವನ್ನು ಮುಚ್ಚಿಡಬಾರದೆಂದು ಸೊಸೆಗೆ ತೋರಿಸಿಕೊಟ್ಟವರು ನಾವೇ. ಆದ್ದರಿಂದ ಹೇಳಿದೆವು. "ಇಲ್ಲವ್ವಾ, ಅದು ಹೊರಗ ಬರಲಿಲ್ಲ." ಮೊಮ್ಮಗಳು ಅಳಲಿಲ್ಲ. ತುಂಡನ್ನು ನೀಟಾಗಿ ಮಡಚಿ ನಮ್ಮ ಕೈಯಲ್ಲಿಟ್ಟಳು.

ಅವಳ ಅಜ್ಜಿ ಟ್ರಂಕಿನಿಂದ ತಮ್ಮ ಹಳೆಯ ಹತ್ತಿಯ ಸೀರೆಯೊಂದನ್ನು ತೆಗೆದುಕೊಟ್ಟರು. ಒಂದೊಂದು ರೆಕ್ಕೆ 18 ಇಂಚು. ಕುತ್ತಿಗೆಗೂ ಮುಂಗೈಗೂ ನಾಡಿ ಹೊಲಿದು, ಮೇಲೆ ಬಣ್ಣದ ಬಟ್ಟೆಯ ಚುಕ್ಕಿ ಹಚ್ಚಿದೆವು. ಸಂಜೆ ಮೊಮ್ಮಗಳು ಪೆಟ್ಟಿಗೆಯೊಳಗೆ ಕುಳಿತಳು, ಅಣ್ಣ ಒಂದರಿಂದ ಹದಿನೈದರವರೆಗೆ ದಿನ ಎಣಿಸಿದ, ಅವಳು ಮುಚ್ಚಳ ತಳ್ಳಿ ರೆಕ್ಕೆ ಬಿಚ್ಚಿ ಎದ್ದು ನಿಂತಳು. ಓಣಿಯ ಮಕ್ಕಳೆಲ್ಲ ಸರದಿಯ ಮೇಲೆ ಒಳಗೆ ಕುಳಿತು ಹೊರಬಂದರು.

ರಜೆ ಮುಗಿದು ಅವರು ಪುಣೆಗೆ ಹೋದರು. ಅಂಗಡಿ ನೋಡಿಕೊಳ್ಳುವ ಹಿರಿಯ ಮಗನೊಡನೆ ನಮ್ಮ ಮಾತು ನಡೆದಿದೆ. ಲಗ್ನಸರಾಯಿಯಲ್ಲಿ ರೇಷ್ಮೆ ಇಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹತ್ತಿಯ ಸೀರೆ ಕೊಳ್ಳುವವರೂ ಅವರ ಹಿಂದೆಯೇ ಹೋಗುತ್ತಾರೆ ಎನ್ನುತ್ತಾನೆ. ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಪತಂಗ ಹೊರಬಂದ ಮೇಲಿನ ಗೂಡಿನಿಂದ ನೂತ 'ಅಹಿಂಸಾ ರೇಷ್ಮೆ'ಯೂ ಉಂಟು. ಹೊಳಪು ಕಡಿಮೆ, ಬೆಲೆ ಹೆಚ್ಚು, ನಮ್ಮ ಊರಿನಲ್ಲಿ ಎಷ್ಟು ನಡೆದೀತೋ ನೋಡಬೇಕು. ಸದ್ಯಕ್ಕೆ ಇದ್ದ ಮಾಲು ಇದೆ, ಹೊಸದಕ್ಕೆ ಆರ್ಡರು ಹಾಕಿಲ್ಲ. ಆ ನೇರಳೆ ತುಂಡು ಗಲ್ಲೆಯ ಖಾನೆಯಲ್ಲಿದೆ. ಚಿಲ್ಲರೆ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ವಾಚಕ ಬಂಧುಗಳೇ, ನಮ್ಮೆಲ್ಲರ ಅಂಗಡಿಗಳಲ್ಲಿ ರಟ್ಟಿಗೂ ಚಿಂದಿಗೂ ಕೊರತೆಯಿಲ್ಲ. ಮುಂದಿನ ರಜೆಗೆ ಮೊಮ್ಮಕ್ಕಳು ಬಂದಾಗ ಸಿದ್ಧ ಆಟಿಕೆ ತರುವ ಮೊದಲು ಒಂದು ಚಿತ್ರದ ಪುಸ್ತಕ ತೆರೆದು ಎರಡು ದಿನ ಅವರೊಡನೆ ನೆಲದ ಮೇಲೆ ಕೂಡಿರಿ. ಕೈ ಕೆಲಸ ಮಾಡುತ್ತಿರುವಾಗ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡಲು ತಯಾರಾಗಿರಿ ಎಂದಷ್ಟೇ ನಮ್ಮ ವಿನಂತಿ.