ಟ್ರೈನಿಂಗ್ ಕಾಲೇಜಿನ ಕೊರತೆಯಿಂದ ಹುಟ್ಟಿದ ಸಮ್ಮೇಳನ

ಆಕ್ಸ್‌ಫರ್ಡಿನ ನ್ಯೂ ಕಾಲೇಜ್ ಸ್ಥಾಪನೆಯಾದದ್ದು 1379ರಲ್ಲಿ. ವಸಂತದ ರಜೆಗೆ ಹುಡುಗರು ಊರು ಸೇರಿದ ಮೇಲೆ, ಮಾರ್ಚ್ ಮುಗಿಯುವ ಹೊತ್ತಿಗೆ, ಅಲ್ಲಿ ಬೇರೆಯೇ ಮಂದಿ ಬಂದಿಳಿಯುತ್ತಾರೆ. ಮಕ್ಕಳಿಗೆ ಯಾವುದನ್ನು ಕಲಿಸಬೇಕು, ಅದನ್ನು ತೀರ್ಮಾನಿಸುವ ಹಕ್ಕು ಯಾರದು ಎಂದು ಪ್ರಬಂಧ ಓದುತ್ತಾರೆ, ವಾದಿಸುತ್ತಾರೆ. ಬ್ರಿಟನ್ನಿನ ಶಿಕ್ಷಣ ತತ್ವಶಾಸ್ತ್ರ ಸಂಘದ ವಾರ್ಷಿಕ ಸಮ್ಮೇಳನ ಹಲವು ವರ್ಷಗಳಿಂದ ನಡೆಯುತ್ತಿರುವುದು ಇಲ್ಲೇ. ಆದರೆ ಅದರ ಬೇರು ಇರುವುದು ಈ ಹಳೆಯ ಕಾಲೇಜಿನಲ್ಲಲ್ಲ, ಶಾಲಾ ಶಿಕ್ಷಕರನ್ನು ತಯಾರು ಮಾಡುತ್ತಿದ್ದ ಸಾಮಾನ್ಯ ಟ್ರೈನಿಂಗ್ ಕಾಲೇಜುಗಳಲ್ಲಿ.

ಆ ಕಾಲೇಜುಗಳಲ್ಲಿ ಶಿಕ್ಷಣ ತತ್ವಶಾಸ್ತ್ರವೆಂದರೆ ಬಹುಮಟ್ಟಿಗೆ ಮಹಾಪುರುಷರ ಪಾಠವಾಗಿತ್ತು. ಪ್ಲೇಟೋ ಹೀಗೆಂದ, ರೂಸೋ ಹಾಗೆಂದ, ಫ್ರೋಬೆಲ್ ಮತ್ತೊಂದೆಂದ. ನಮ್ಮಲ್ಲಿ ಬಿ.ಎಡ್. ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1960ರಲ್ಲಿ ಅಲ್ಲಿನ ಶಿಕ್ಷಕ ತರಬೇತಿ ಎರಡು ವರ್ಷದಿಂದ ಮೂರು ವರ್ಷಕ್ಕೆ ಏರಿತು. ಉನ್ನತ ಶಿಕ್ಷಣದ ಬಗೆಗಿನ 1963ರ ರಾಬಿನ್ಸ್ ವರದಿ ಶಿಕ್ಷಕರಿಗೂ ಪದವಿ ಸಿಗಬೇಕೆಂದಿತು. ಪದವಿ ಎಂದ ಮೇಲೆ ವಿಷಯಕ್ಕೆ ಗಟ್ಟಿತನ ಬೇಕು, ಅದನ್ನು ಕಲಿಸಲು ತಯಾರಾದ ಅಧ್ಯಾಪಕರು ಬೇಕು. ಅಂಥವರು ಬೆರಳೆಣಿಕೆಯಷ್ಟಿದ್ದರು.

ಈ ಹೊತ್ತಿಗೆ ಸರಿಯಾಗಿ ರಿಚರ್ಡ್ ಸ್ಟ್ಯಾನ್ಲಿ ಪೀಟರ್ಸ್ ಬಂದರು. 1919ರಲ್ಲಿ ಮಸ್ಸೂರಿಯಲ್ಲಿ ಹುಟ್ಟಿದ ಪೀಟರ್ಸ್ ಬೆಳೆದದ್ದು ಇಂಗ್ಲೆಂಡಿನಲ್ಲಿ. ಬಾಲ್ಯದಲ್ಲಿ ರಜೆಯ ದಿನಗಳಲ್ಲಿ ಅವರಿಗೆ ಮನೆಪಾಠ ಹೇಳಿದ ತರುಣನೇ ಮುಂದೆ ಜಾರ್ಜ್ ಆರ್ವೆಲ್ ಎಂದು ಹೆಸರಾದ. ಯುದ್ಧಕಾಲದಲ್ಲಿ ಕ್ವೇಕರರ ಆಂಬುಲೆನ್ಸ್ ದಳದಲ್ಲಿ ದುಡಿದು, ಶಾಲೆಯೊಂದರಲ್ಲಿ ಗ್ರೀಕ್–ಲ್ಯಾಟಿನ್ ಮೇಷ್ಟ್ರಾಗಿದ್ದು, ಆಮೇಲೆ ಬರ್ಕ್‌ಬೆಕ್ ಕಾಲೇಜಿನಲ್ಲಿ ಹಗಲು ದುಡಿದು ಸಂಜೆ ಓದಲು ಬರುವವರಿಗೆ ತತ್ವಶಾಸ್ತ್ರ ಹೇಳಿಕೊಟ್ಟರು. ಬಿಬಿಸಿಯಲ್ಲಿ ಅವರು ಮಾಡಿದ ಭಾಷಣಗಳು ಹಾರ್ವರ್ಡಿನ ಇಸ್ರೇಲ್ ಶೆಫ್ಲರ್ ಅವರ ಗಮನಕ್ಕೂ ಬಂದವು, ಅವರು ಪೀಟರ್ಸ್ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. 1962ರಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನ ಶಿಕ್ಷಣ ತತ್ವಶಾಸ್ತ್ರದ ಪ್ರಾಧ್ಯಾಪಕ ಪೀಠ ಪೀಟರ್ಸ್ ಅವರಿಗೆ ದಕ್ಕಿತು. ಶಾಲೆಯ ತರಗತಿ, ಸಂಜೆ ಕಾಲೇಜು, ರೇಡಿಯೋ ಮೂರನ್ನೂ ಕಂಡವರಾಗಿದ್ದರಿಂದಲೇ ಈ ವಿಷಯ ಶಿಕ್ಷಕರಿಗೆ ಯಾಕೆ ಬೇಕೆಂದು ಅವರಿಗೆ ಗೊತ್ತಿತ್ತು ಎಂದು ನಾನು ನಂಬುತ್ತೇನೆ.

1963ರ ಡಿಸೆಂಬರ್‌ನಲ್ಲಿ ಅವರು ಮಾಡಿದ ಪೀಠಾರೋಹಣದ ಉಪನ್ಯಾಸ ಶಿಕ್ಷಣವನ್ನು ದೀಕ್ಷೆ ಎಂದು ವಿವರಿಸಿತು. ಮಗು ತುಂಬಿಸಬೇಕಾದ ಪಾತ್ರೆಯಲ್ಲ, ತಾನಾಗಿ ಅರಳಿಬಿಡುವ ಮೊಗ್ಗೂ ಅಲ್ಲ. ತಲೆಮಾರುಗಳು ಕಟ್ಟಿಟ್ಟ ಅರಿವಿನ ಪರಂಪರೆಗಳ ಒಳಕ್ಕೆ ಅದನ್ನು ಕೈಹಿಡಿದು ಕರೆದೊಯ್ಯಬೇಕು, ಅಲ್ಲಿ ಕಂಡದ್ದನ್ನು ಅದು ಅರ್ಥಮಾಡಿಕೊಳ್ಳಬೇಕು, ಪ್ರೀತಿಸಬೇಕು. ಮರುವರ್ಷ, 1964ರಲ್ಲಿ, ಪೀಟರ್ಸ್ ಮತ್ತು ಗಣಿತದ ಮೇಷ್ಟ್ರಾಗಿದ್ದ ಪಾಲ್ ಹರ್ಸ್ಟ್ ಮುಂದೆ ನಿಂತು ಸಂಘ ಕಟ್ಟಿದರು. ವಾರ್ಷಿಕ ಸಮ್ಮೇಳನದ ಪ್ರಬಂಧಗಳು ಸಂಪುಟಗಳಾಗಿ ಬರತೊಡಗಿದವು. 1978ರಲ್ಲಿ ಆ ಸಂಪುಟಗಳೇ ‘ಜರ್ನಲ್ ಆಫ್ ಫಿಲಾಸಫಿ ಆಫ್ ಎಜುಕೇಶನ್’ ಎಂಬ ಪತ್ರಿಕೆಯಾದವು.

ಇವರ ಕೆಲಸದ ರೀತಿಗೆ ಒಂದು ಉದಾಹರಣೆ ಸಾಕು. ಮಗುವಿನ ಅಗತ್ಯಗಳಿಗೆ ತಕ್ಕಂತೆ ಕಲಿಸಬೇಕು ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ಪ್ರಾಥಮಿಕ ಶಾಲೆಗಳ ಬಗ್ಗೆ 1967ರಲ್ಲಿ ಬಂದ ಪ್ಲೌಡನ್ ವರದಿಯ ಒಲವೂ ಆ ಕಡೆಗೇ. ಪೀಟರ್ಸ್ ಬಳಗದ ರಾಬರ್ಟ್ ಡಿಯರ್ಡನ್ ಅಲ್ಲಿ ಒಂದು ತಡೆ ಹಾಕಿದರು. ಅಗತ್ಯ ಎನ್ನುವುದು ಮಗುವನ್ನು ನೋಡಿದ ಮಾತ್ರಕ್ಕೆ ಕಾಣಿಸುವುದಿಲ್ಲ. ಯಾವುದೋ ಒಂದು ಗುರಿಯನ್ನು ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ ಇದು ಬೇಕು, ಅದು ಬೇಡ ಎನ್ನಲು ಬರುತ್ತದೆ. ಆ ಗುರಿ ಯಾವುದೆಂದು ಬಾಯಿಬಿಟ್ಟು ಹೇಳಿ, ಆಮೇಲೆ ವಾದಿಸೋಣ. ಇಷ್ಟು ಸರಳವಾದ ಮಾತು ಎಷ್ಟೊಂದು ಸಮಿತಿಗಳ ವರದಿಯನ್ನು ಅಲುಗಾಡಿಸಬಲ್ಲದು!

ಪೀಟರ್ಸ್ ಕೂಡ ಪ್ರಶ್ನೆಗೆ ಹೊರತಾಗಲಿಲ್ಲ. ಅಮೆರಿಕದಲ್ಲಿ ಇಂಥದೇ ಸಂಘ 1941ರಲ್ಲೇ ಹುಟ್ಟಿತ್ತು. 1981ರಲ್ಲಿ ಅದರ ಅಧ್ಯಕ್ಷೆಯಾಗಿದ್ದ ಜೇನ್ ರೋಲಂಡ್ ಮಾರ್ಟಿನ್ ತಮ್ಮ ಅಧ್ಯಕ್ಷ ಭಾಷಣವನ್ನು ಪೀಟರ್ಸ್ ಬಣ್ಣಿಸಿದ ವಿದ್ಯಾವಂತ ವ್ಯಕ್ತಿಯ ವಿಮರ್ಶೆಗೇ ಮೀಸಲಿಟ್ಟರು. ಆ ವ್ಯಕ್ತಿಗೆ ತರ್ಕ ಗೊತ್ತು, ವಿಜ್ಞಾನ ಗೊತ್ತು. ಮಕ್ಕಳನ್ನು ಸಾಕುವುದು, ಇನ್ನೊಬ್ಬರ ನೋವಿಗೆ ಮಿಡಿಯುವುದು, ಮನೆ ನಡೆಸುವುದು ಮಾತ್ರ ಅವನ ವಿದ್ಯೆಯ ಲೆಕ್ಕಕ್ಕೇ ಬಂದಿಲ್ಲ, ಯಾಕೆಂದರೆ ಅವು ಹೆಂಗಸರ ಪಾಲಿನ ಕೆಲಸವೆಂದು ಎಣಿಸಲಾಗಿತ್ತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಪೀಟರ್ಸ್ ವಿಚಾರಕ್ಕೆ ಬೇರೆ ಯಾರೂ ಎತ್ತಿಲ್ಲ ಎಂದೇ ನನ್ನ ಎಣಿಕೆ.

ಆಮೇಲೆ ಪೆಟ್ಟು ಬಿದ್ದದ್ದು ಬ್ರಿಟನ್ನಿನ ಸರ್ಕಾರದಿಂದ. 1984ರಿಂದ ತರಬೇತಿ ಕೋರ್ಸುಗಳಿಗೆ ಕೇಂದ್ರದ ಮಾನದಂಡಗಳು ಬಂದವು. 1992ರ ಆದೇಶದ ಪ್ರಕಾರ ಪ್ರೌಢಶಾಲೆಯ ಶಿಕ್ಷಕರಾಗುವ ಪದವೀಧರರು 36 ವಾರಗಳ ತರಬೇತಿಯಲ್ಲಿ 24 ವಾರ ಶಾಲೆಯಲ್ಲೇ ಇರಬೇಕಾಯಿತು. ಶಾಲೆಯ ಅನುಭವ ಬೇಕು, ನಿಜ. ಆದರೆ ಮಿಕ್ಕ ವಾರಗಳಲ್ಲಿ ತತ್ವಶಾಸ್ತ್ರಕ್ಕೆ ಜಾಗ ಉಳಿಯಲಿಲ್ಲ. ಯಾವ ತರಗತಿಗೆಂದು ಸಂಘ ಹುಟ್ಟಿತ್ತೋ ಆ ತರಗತಿಯೇ ಇಲ್ಲವಾಯಿತು. ಸಮ್ಮೇಳನ ಮಾತ್ರ ನಿಲ್ಲಲಿಲ್ಲ. 1999ರಿಂದ ಸಂಘ ಶಿಕ್ಷಣ ನೀತಿಯ ಮೇಲೆ ಕಿರುಹೊತ್ತಗೆಗಳನ್ನು ತಂದು ಸರ್ಕಾರದ ತೀರ್ಮಾನಗಳನ್ನು ನೇರವಾಗಿ ಪರೀಕ್ಷಿಸತೊಡಗಿತು.

ಈ ಕಥೆಯ ಒಂದು ಎಳೆ ನಮ್ಮ ಶಾಲೆಗಳವರೆಗೂ ಬಂದಿದೆ. ಜ್ಞಾನಕ್ಕೆ ಹಲವು ಬಗೆಗಳಿವೆ, ಪ್ರತಿಯೊಂದಕ್ಕೂ ಅದರದೇ ಪರಿಕಲ್ಪನೆ, ಅದರದೇ ಪರೀಕ್ಷೆ ಎಂದು ಹರ್ಸ್ಟ್ 1965ರಲ್ಲಿ ವಾದಿಸಿದ್ದರು. ಅಡಿಕೋಲಿನಿಂದ ಅಳೆದು ಪ್ರಮೇಯವನ್ನು ಸಾಧಿಸಲಾಗದು, ಉಪ್ಪು ನೀರಿನಲ್ಲಿ ಎಷ್ಟು ಕರಗೀತು ಎಂದು ಕೂತಲ್ಲೇ ತರ್ಕಿಸಿ ತಿಳಿಯಲಾಗದು. ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು–2005 ತಿಳಿವಳಿಕೆಯ ಬಗೆಗಳನ್ನು ಬೇರ್ಪಡಿಸುವಾಗ ಇದೇ ವಿಚಾರದ ನೆರಳು ನಿಚ್ಚಳವಾಗಿ ಕಾಣುತ್ತದೆ. ಆ ಚೌಕಟ್ಟನ್ನು ಅನುಸರಿಸಿಯೇ ಕರ್ನಾಟಕದ ಪಠ್ಯಪುಸ್ತಕಗಳು ಪರಿಷ್ಕರಣೆಗೊಂಡವು. ಅಷ್ಟು ಹೊತ್ತಿಗಾಗಲೇ ಹರ್ಸ್ಟ್ ತಮ್ಮ ನಿಲುವನ್ನು ಬದಲಿಸಿದ್ದರು. 1990ರ ದಶಕದಲ್ಲಿ ಅವರು, ಶಿಕ್ಷಣ ಶುರುವಾಗಬೇಕಾದದ್ದು ಸಿದ್ಧಾಂತದ ಜ್ಞಾನದಿಂದಲ್ಲ, ಜನ ಒಟ್ಟಾಗಿ ಬದುಕುವ, ದುಡಿಯುವ ಸಾಮಾಜಿಕ ರೂಢಿಗಳಿಂದ ಎಂದು ಬರೆದರು. 2014ರ ನಿಯಮಾವಳಿಯಿಂದ ನಮ್ಮ ಬಿ.ಎಡ್. ಎರಡು ವರ್ಷದ್ದಾಯಿತು, ‘ಜ್ಞಾನ ಮತ್ತು ಪಠ್ಯಕ್ರಮ’ ಎಂಬ ಪತ್ರಿಕೆಯೂ ಸೇರಿತು. ಆ ಪತ್ರಿಕೆಯನ್ನು ಕಲಿಸುವವರು ಹರ್ಸ್ಟ್ ಅವರ ಎರಡೂ ನಿಲುವುಗಳನ್ನು ತರಗತಿಯ ಮುಂದಿಟ್ಟು, ಯಾವುದು ಸರಿ ಎಂದು ನಾಳಿನ ಮೇಷ್ಟ್ರುಗಳೇ ವಾದಿಸುವಂತೆ ಮಾಡಬೇಕು.