ಬೀಜಿಂಗ್‌ಗೆ ಹೊರಟವರಿಗೆ ಮೊದಲ ತಿಂಗಳ ಲೆಕ್ಕ

ಬೀಜಿಂಗ್‌ನಲ್ಲಿ ದಿನನಿತ್ಯದ ಖರ್ಚು ಹಗುರ, ಮನೆ ಹಿಡಿಯುವ ತಿಂಗಳು ಮಾತ್ರ ಭಾರ. ಯುವಾನ್‌ಗೆ ಸುಮಾರು 12 ರೂಪಾಯಿ ಎಂದು ಹಿಡಿದು ಲೆಕ್ಕ ಹಾಕೋಣ.

ಬಾಡಿಗೆ ಮನೆಗೆ ಅಲ್ಲಿನ ರೂಢಿ ಒಂದು ತಿಂಗಳ ಅಡ್ವಾನ್ಸ್, ಜೊತೆಗೆ ಮೂರು ತಿಂಗಳ ಬಾಡಿಗೆ ಮುಂಗಡ. ಬ್ರೋಕರ್ ಮೂಲಕ ಹೋದರೆ ಅವರಿಗೂ ಹಲವು ಸಲ ಒಂದು ತಿಂಗಳ ಬಾಡಿಗೆ ಕೊಡಬೇಕಾಗುತ್ತದೆ. ಬಾಡಿಗೆ 6,000 ಯುವಾನ್ ಅಂದುಕೊಳ್ಳಿ: ಅಡ್ವಾನ್ಸ್ 6,000, ಮುಂಗಡ 18,000, ಬ್ರೋಕರ್‌ಗೆ 6,000. ಬೀಗದ ಕೈ ಸಿಗುವ ಮುನ್ನವೇ 30,000 ಯುವಾನ್, ಅಂದರೆ 3.6 ಲಕ್ಷ ರೂಪಾಯಿ ಕೈಬಿಟ್ಟು ಹೋಗುತ್ತದೆ. ಮೊದಲ ಸಂಬಳ ಆಗ ಬಂದಿರುವುದಿಲ್ಲ. ಇದರಲ್ಲಿ ಕಂಪನಿಯ ಪಾಲು ಎಷ್ಟು ಎಂಬುದನ್ನು ಆಫರ್ ಒಪ್ಪುವ ಮುಂಚೆಯೇ ಬರಹದಲ್ಲಿ ಪಡೆಯಿರಿ.

ಕರಾರಿಗೆ ಸಹಿ ಹಾಕುವಾಗ ಚಳಿಗಾಲದ ಹೀಟಿಂಗ್ ಶುಲ್ಕ ಯಾರು ಕಟ್ಟುತ್ತಾರೆ ಎಂದೂ ಕೇಳಿ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆಗಳನ್ನು ಬೆಚ್ಚಗಿಡುತ್ತಾರೆ. ಕೋಣೆಯಲ್ಲಿ ಕನಿಷ್ಠ 18 ಡಿಗ್ರಿ ಇರಬೇಕೆಂಬುದು ನಿಯಮ. ದರ ಚದರ ಮೀಟರ್‌ಗೆ 24 ಅಥವಾ 30 ಯುವಾನ್, ಶಾಖದ ಮೂಲ ನೋಡಿಕೊಂಡು. 80 ಚದರ ಮೀಟರ್ ಮನೆಗೆ 1,920 ಇಲ್ಲವೇ 2,400 ಯುವಾನ್.

ಕರೆಂಟು ಸಸ್ತಾ. ತಿಂಗಳಿಗೆ 240 ಯೂನಿಟ್‌ವರೆಗೆ ಯೂನಿಟ್‌ಗೆ 0.4883 ಯುವಾನ್, 240 ಪೂರ್ತಿ ಉರಿಸಿದರೂ 117 ದಾಟುವುದು ಪೈಸೆಗಳಲ್ಲಿ ಮಾತ್ರ. ನೀರು ವರ್ಷಕ್ಕೆ 180 ಘನ ಮೀಟರ್‌ವರೆಗೆ ಘನ ಮೀಟರ್‌ಗೆ 5 ಯುವಾನ್.

ಮೆಟ್ರೊ ಇನ್ನೂ ಹಗುರ. 6 ಕಿ.ಮೀ.ವರೆಗೆ 3 ಯುವಾನ್, 12ರವರೆಗೆ 4, 22ರವರೆಗೆ 5, 32ರವರೆಗೆ 6. ಒಂದೇ ಕಾರ್ಡ್‌ನಲ್ಲಿ ತಿಂಗಳ ಖರ್ಚು 100 ಯುವಾನ್ ದಾಟಿದ ಮೇಲೆ ಶೇ 20, 150 ದಾಟಿದ ಮೇಲೆ ಶೇ 50 ರಿಯಾಯಿತಿ. ಆಫೀಸು 15 ಕಿ.ಮೀ. ದೂರವಿದ್ದು 22 ದಿನ ಹೋಗಿ ಬಂದರೆ 220 ಆಗಬೇಕಾದದ್ದು ಸುಮಾರು 180ಕ್ಕೆ ಇಳಿಯುತ್ತದೆ. ಹಾಗಾಗಿ ದಿನವೂ ಬಿಡಿ ಟಿಕೆಟ್ ಕೊಳ್ಳಬೇಡಿ.

ಅಂಗಡಿಗಳಲ್ಲಿ ಎಲ್ಲರೂ ಹಣ ಕೊಡುವುದು ಅಲಿಪೇ, ವೀಚಾಟ್‌ನಲ್ಲಿ. ಎರಡಕ್ಕೂ ವಿದೇಶಿ ಕಾರ್ಡ್ ಜೋಡಿಸಬಹುದು. 200 ಯುವಾನ್‌ವರೆಗಿನ ಪಾವತಿಗೆ ಆ್ಯಪ್‌ನ ಶುಲ್ಕವಿಲ್ಲ, ದಾಟಿದರೆ ಶೇ 3. 260 ಯುವಾನ್ ದಿನಸಿಗೆ 7.80 ಹೆಚ್ಚುವರಿ, ಅದನ್ನೇ ಎರಡು ಬಿಲ್ ಮಾಡಿಸಿದರೆ ಅದು ಉಳಿಯುತ್ತದೆ. ನಿಮ್ಮ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ. ಸ್ಥಳೀಯ ಬ್ಯಾಂಕ್ ಖಾತೆ ತೆರೆದ ಮೇಲೆ ಈ ಎರಡೂ ಹೊರೆ ತಪ್ಪುತ್ತವೆ.

ಹಣಕ್ಕಿಂತ ಮುಖ್ಯವಾದದ್ದು ಒಂದಿದೆ. ಹೋಟೆಲ್ ಬಿಟ್ಟು ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ನೋಂದಾಯಿಸಬೇಕು. ತಪ್ಪಿದರೆ 2,000 ಯುವಾನ್‌ವರೆಗೆ ದಂಡ. ಅಷ್ಟರಲ್ಲಿ ಹನ್ನೊಂದು ತಿಂಗಳು ಮೆಟ್ರೊದಲ್ಲಿ ಓಡಾಡಬಹುದು. ಪಾಸ್‌ಪೋರ್ಟ್ ಮತ್ತು ಬಾಡಿಗೆ ಕರಾರು ಹಿಡಿದು ಮೊದಲ ದಿನವೇ ಠಾಣೆಗೆ ಹೋಗಿ. ಅನುಮಾನ ಬಂದರೆ ವಲಸೆ ಇಲಾಖೆಯ 12367ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇಂಗ್ಲಿಷ್‌ನಲ್ಲಿ ಉತ್ತರ ಸಿಗುತ್ತದೆ.